ಕ್ಯಾಥರೀನ್ ಹೆಪ್‌ಬರ್ನ್: ನಾಲ್ಕು ಆಸ್ಕರ್‌ಗಳ ನಟಿ – ಪರೀಕ್ಷೆಗೆ ಮುಖ್ಯಾಂಶಗಳು

ಅಭಿನಯಕ್ಕಾಗಿ ನಾಲ್ಕು ಆಸ್ಕರ್ ಗೆದ್ದವರು ಚಲನಚಿತ್ರ ಇತಿಹಾಸದಲ್ಲಿ ಒಬ್ಬರೇ. ಅವರು ಅಮೆರಿಕದ ಕ್ಯಾಥರೀನ್ ಹೆಪ್‌ಬರ್ನ್. ಆ ನಾಲ್ಕೂ ‘ಅತ್ಯುತ್ತಮ ನಟಿ’ ವಿಭಾಗದಲ್ಲಿ ಬಂದವು. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಇದೊಂದು ಸಂಗತಿಯನ್ನು ಬಾಯಿಪಾಠ ಮಾಡಿ ಮುಂದೆ ಸಾಗುತ್ತಾರೆ. ಆದರೆ ಮೊದಲ ಆಸ್ಕರ್‌ಗೂ ಎರಡನೆಯದಕ್ಕೂ ನಡುವೆ 34 ವರ್ಷ ಕಳೆದಿದ್ದವು. ಆ ಅವಧಿಯಲ್ಲಿ ಅವರು ಚಿತ್ರರಂಗದಿಂದ ಬಹುತೇಕ ಹೊರಬಿದ್ದು, ಕಥೆಯ ಹಕ್ಕನ್ನೇ ಕೈಯಲ್ಲಿಟ್ಟುಕೊಂಡು ತಮ್ಮದೇ ಷರತ್ತುಗಳ ಮೇಲೆ ಮರಳಿ ಬಂದರು. ಹೆಪ್‌ಬರ್ನ್ ಅವರ ನಿಜವಾದ ಹಿರಿಮೆ ಅಲ್ಲಿದೆ. ಈ ಟಿಪ್ಪಣಿಯಲ್ಲಿ ಇಸವಿಗಳ ಜೊತೆಗೆ ಅವುಗಳ ಹಿಂದಿನ ಕಾರಣಗಳನ್ನೂ ಕೊಡಲಾಗಿದೆ. ಕಾರಣ ತಿಳಿದರೆ ಇಸವಿ ಮರೆಯುವುದಿಲ್ಲ.

ಒಂದು ನೋಟದಲ್ಲಿ

- ಪೂರ್ಣ ಹೆಸರು: ಕ್ಯಾಥರೀನ್ ಹೌಟನ್ ಹೆಪ್‌ಬರ್ನ್
- ಜನನ: 12 ಮೇ 1907, ಹಾರ್ಟ್‌ಫರ್ಡ್, ಕನೆಕ್ಟಿಕಟ್ ರಾಜ್ಯ
- ನಿಧನ: 29 ಜೂನ್ 2003, ಓಲ್ಡ್ ಸೇಬ್ರೂಕ್, ಕನೆಕ್ಟಿಕಟ್ (96ನೇ ವಯಸ್ಸಿನಲ್ಲಿ)
- ಮೊದಲ ಚಿತ್ರ: ‘ಎ ಬಿಲ್ ಆಫ್ ಡಿವೋರ್ಸ್‌ಮೆಂಟ್’ (1932)
- ಹಿರಿತೆರೆಯ ಕೊನೆಯ ಚಿತ್ರ: ‘ಲವ್ ಅಫೇರ್’ (1994)
- ಆಸ್ಕರ್: 12 ನಾಮನಿರ್ದೇಶನ, 4 ಪ್ರಶಸ್ತಿ
- ಆತ್ಮಕಥೆ: ‘ಮಿ: ಸ್ಟೋರೀಸ್ ಆಫ್ ಮೈ ಲೈಫ್’ (1991)

ಮನೆತನ ಮತ್ತು ಶಿಕ್ಷಣ

- ತಂದೆ ಥಾಮಸ್ ಹೆಪ್‌ಬರ್ನ್ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ಮೂತ್ರರೋಗ ತಜ್ಞರು.
- ತಾಯಿ ಕ್ಯಾಥರೀನ್ ಮಾರ್ಥಾ ಹೌಟನ್ ಹೆಪ್‌ಬರ್ನ್ ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡಿದ ಕನೆಕ್ಟಿಕಟ್ ಸಂಘಟನೆಯ ಮುಂದಾಳು. ಮುಂದೆ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಜೊತೆಗೂಡಿ ಸಂತಾನ ನಿಯಂತ್ರಣದ ಪರವಾಗಿಯೂ ದುಡಿದರು. ಅಮೆರಿಕದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಸಂವಿಧಾನದ 19ನೇ ತಿದ್ದುಪಡಿಯ ಮೂಲಕ 1920ರಲ್ಲಿ ದೊರೆತದ್ದನ್ನು ಇದರೊಂದಿಗೆ ಸೇರಿಸಿ ಓದಿ.
- ಆರು ಮಕ್ಕಳಲ್ಲಿ ಕ್ಯಾಥರೀನ್ ಎರಡನೆಯವರು. 1921ರಲ್ಲಿ ಅಣ್ಣ ಟಾಮ್‌ನ ಅಕಾಲಿಕ ಸಾವು ಅವರನ್ನು ಬಹಳವಾಗಿ ಕಾಡಿತು. ಅಣ್ಣನ ಹುಟ್ಟುಹಬ್ಬವಾದ ನವೆಂಬರ್ 8ನ್ನೇ ದಶಕಗಳ ಕಾಲ ತಮ್ಮ ಜನ್ಮದಿನವೆಂದು ಹೇಳಿಕೊಂಡರು. ನಿಜವಾದ ದಿನಾಂಕವನ್ನು ಆತ್ಮಕಥೆಯಲ್ಲಿ ತಿಳಿಸಿದರು. ಹಳೆಯ ಪುಸ್ತಕಗಳಲ್ಲಿ ಬೇರೆ ಜನ್ಮದಿನ ಕಂಡರೆ ಕಾರಣ ಇದು.
- 1928ರಲ್ಲಿ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಕಾಲೇಜಿನಿಂದ ಪದವಿ ಪಡೆದರು. ಓದಿದ್ದು ಇತಿಹಾಸ ಮತ್ತು ತತ್ತ್ವಶಾಸ್ತ್ರ.
- 1928ರಲ್ಲೇ ಲಡ್ಲೋ ಆಗ್ಡನ್ ಸ್ಮಿತ್ ಅವರೊಂದಿಗೆ ಮದುವೆ, 1934ರಲ್ಲಿ ವಿಚ್ಛೇದನ. ಮತ್ತೆ ಮದುವೆಯಾಗಲಿಲ್ಲ.

ರಂಗಭೂಮಿಯಿಂದ ಹಾಲಿವುಡ್‌ಗೆ

- 1932ರಲ್ಲಿ ಬ್ರಾಡ್‌ವೇ ನಾಟಕ ‘ದ ವಾರಿಯರ್ಸ್ ಹಸ್ಬೆಂಡ್’ ಹೆಸರು ತಂದಿತು. ಅದೇ ವರ್ಷ ಆರ್‌ಕೆಒ ಸ್ಟುಡಿಯೊ ಅವರನ್ನು ಕರೆಸಿಕೊಂಡಿತು.
- ಮೊದಲ ಚಿತ್ರದ ನಿರ್ದೇಶಕ ಜಾರ್ಜ್ ಕ್ಯೂಕರ್. ಚಿತ್ರಮಂದಿರ ಮತ್ತು ಟಿವಿಗೆ ಸೇರಿ ಇಬ್ಬರೂ ಒಟ್ಟು 10 ಚಿತ್ರಗಳಲ್ಲಿ ಜೊತೆಯಾದರು.
- 1933ರ ‘ಮಾರ್ನಿಂಗ್ ಗ್ಲೋರಿ’ ಮೊದಲ ಆಸ್ಕರ್ ತಂದುಕೊಟ್ಟಿತು. ಆಗ ಅವರಿಗೆ 26 ವರ್ಷ.
- ಅದೇ ವರ್ಷ ಲೂಯಿಸಾ ಮೇ ಆಲ್ಕಾಟ್ ಕಾದಂಬರಿ ಆಧಾರಿತ ‘ಲಿಟಲ್ ವಿಮೆನ್’ ಚಿತ್ರದಲ್ಲಿ ಜೋ ಪಾತ್ರ. ಇದಕ್ಕಾಗಿ 1934ರ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಗೌರವ.

ಸೋಲಿನ ವರ್ಷಗಳು

- 1935ರ ‘ಆಲಿಸ್ ಆಡಮ್ಸ್’ ನಾಮನಿರ್ದೇಶನ ತಂದರೂ ‘ಸಿಲ್ವಿಯಾ ಸ್ಕಾರ್ಲೆಟ್’ ನೆಲಕಚ್ಚಿತು. ಅನಂತರ ಸೋಲುಗಳ ಸಾಲು.
- ಹವರ್ಡ್ ಹಾಕ್ಸ್ ನಿರ್ದೇಶನದ ‘ಬ್ರಿಂಗಿಂಗ್ ಅಪ್ ಬೇಬಿ’ (1938) ಇಂದು ಹಾಸ್ಯಚಿತ್ರಗಳ ಮೇರುಕೃತಿಗಳಲ್ಲಿ ಒಂದು. ಬಿಡುಗಡೆಯಾದಾಗ ಅದಕ್ಕೂ ನಿರೀಕ್ಷಿಸಿದ ಗಳಿಕೆ ಆಗಲಿಲ್ಲ.
- 1938ರಲ್ಲಿ ಚಿತ್ರಮಂದಿರ ಮಾಲೀಕರ ಸಂಘವೊಂದು ಜಾಹೀರಾತು ಕೊಟ್ಟು ಕೆಲವು ತಾರೆಯರನ್ನು ‘ಗಲ್ಲಾಪೆಟ್ಟಿಗೆಯ ವಿಷ’ ಎಂದು ಕರೆಯಿತು. ಹೆಪ್‌ಬರ್ನ್ ಜೊತೆಗೆ ಗ್ರೆಟಾ ಗಾರ್ಬೊ, ಜೋನ್ ಕ್ರಾಫರ್ಡ್, ಮರ್ಲೀನ್ ಡೀಟ್ರಿಚ್, ಫ್ರೆಡ್ ಅಸ್ಟೇರ್ ಹೆಸರುಗಳೂ ಅದರಲ್ಲಿದ್ದವು.
- ಸ್ಟುಡಿಯೊ ಕೊಟ್ಟ ಸಾಧಾರಣ ಪಾತ್ರವನ್ನು ಹೆಪ್‌ಬರ್ನ್ ಒಪ್ಪಲಿಲ್ಲ. ಕೈಯಿಂದ ಹಣ ತೆತ್ತು ಒಪ್ಪಂದ ಬಿಡಿಸಿಕೊಂಡು ಹೊರಬಂದರು.

ಮರಳಿ ಬಂದ ಬಗೆ: ‘ದ ಫಿಲಡೆಲ್ಫಿಯಾ ಸ್ಟೋರಿ’

ಇಡೀ ವೃತ್ತಿಜೀವನದ ತಿರುವು ಇದು. ಹಂತ ಹಂತವಾಗಿ ನೆನಪಿಡಿ.

1. ನಾಟಕಕಾರ ಫಿಲಿಪ್ ಬ್ಯಾರಿ ಹೆಪ್‌ಬರ್ನ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ನಾಟಕ ಬರೆದರು. 1939ರಲ್ಲಿ ಬ್ರಾಡ್‌ವೇನಲ್ಲಿ ತೆರೆಕಂಡು ಭರ್ಜರಿಯಾಗಿ ಓಡಿತು. ಹೆಪ್‌ಬರ್ನ್ ಸಂಬಳದ ಬದಲು ಲಾಭದಲ್ಲಿ ಪಾಲು ಕೇಳಿದ್ದರು.
2. ನಾಟಕದ ಚಲನಚಿತ್ರ ಹಕ್ಕನ್ನು ಉದ್ಯಮಿ ಹವರ್ಡ್ ಹ್ಯೂಸ್ ಖರೀದಿಸಿ ಅವರಿಗೆ ಕೊಟ್ಟರು.
3. ನಾಟಕ ಗೆದ್ದಾಗ ಸ್ಟುಡಿಯೊಗಳು ಹಕ್ಕಿಗಾಗಿ ಮುಂದೆ ಬಂದವು. ಹೆಪ್‌ಬರ್ನ್ ಅದನ್ನು ಎಂಜಿಎಂಗೆ ಮಾರಿದರು. ಷರತ್ತು ಸ್ಪಷ್ಟವಾಗಿತ್ತು: ನಾಯಕಿ ತಾವೇ; ನಿರ್ದೇಶಕ ಮತ್ತು ಸಹನಟರ ಆಯ್ಕೆಯಲ್ಲಿ ತಮ್ಮ ಮಾತು ನಡೆಯಬೇಕು.
4. ನಿರ್ದೇಶಕರಾಗಿ ಕ್ಯೂಕರ್, ಜೊತೆಗೆ ಕ್ಯಾರಿ ಗ್ರಾಂಟ್ ಮತ್ತು ಜೇಮ್ಸ್ ಸ್ಟೀವರ್ಟ್ ಬಂದರು. 1940ರ ಚಿತ್ರ ಯಶಸ್ವಿಯಾಯಿತು. ಸ್ಟೀವರ್ಟ್‌ಗೆ ಅತ್ಯುತ್ತಮ ನಟ ಆಸ್ಕರ್, ಹೆಪ್‌ಬರ್ನ್‌ಗೆ ನಾಮನಿರ್ದೇಶನ.

ಆ ಕಾಲದಲ್ಲಿ ತಾರೆಯರು ಸ್ಟುಡಿಯೊಗಳ ದೀರ್ಘ ಒಪ್ಪಂದಕ್ಕೆ ಒಳಪಟ್ಟಿರುತ್ತಿದ್ದರು. ಯಾವ ಚಿತ್ರ, ಯಾವ ಪಾತ್ರ ಎಂಬುದನ್ನು ಸ್ಟುಡಿಯೊ ತೀರ್ಮಾನಿಸುತ್ತಿತ್ತು. ಅಂಥ ವ್ಯವಸ್ಥೆಯಲ್ಲಿ, ಎರಡು ವರ್ಷಗಳ ಹಿಂದೆ ‘ವಿಷ’ ಎನ್ನಿಸಿಕೊಂಡ ನಟಿ ಸ್ಟುಡಿಯೊ ಮುಂದೆ ಷರತ್ತು ಇಟ್ಟು ಗೆದ್ದದ್ದು ಸಣ್ಣ ಮಾತಲ್ಲ.

ನಟ ಸ್ಪೆನ್ಸರ್ ಟ್ರೇಸಿ ಜೊತೆಗಿನ ಒಂಬತ್ತು ಚಿತ್ರಗಳು

- ಮೊದಲನೆಯದು ‘ವುಮನ್ ಆಫ್ ದ ಇಯರ್’ (1942). ಈ ಕಥೆಯನ್ನೂ ಹೆಪ್‌ಬರ್ನ್ ಅವರೇ ಎಂಜಿಎಂಗೆ ಒಯ್ದರು. ಬರೆದವರು ಹೊಸಬರೆಂದು ಬೆಲೆ ಇಳಿಯಬಾರದೆಂದು ಲೇಖಕರ ಹೆಸರು ಬಿಟ್ಟುಕೊಡದೆ ವ್ಯವಹಾರ ಕುದುರಿಸಿದರು. ಆ ಚಿತ್ರಕಥೆಗೆ ಆಸ್ಕರ್ ಬಂತು.
- ಹೆಚ್ಚು ಮೆಚ್ಚುಗೆ ಪಡೆದದ್ದು ‘ಆಡಮ್ಸ್ ರಿಬ್’ (1949). ಒಂದೇ ಮೊಕದ್ದಮೆಯಲ್ಲಿ ಎದುರುಬದುರಾಗಿ ವಾದಿಸುವ ವಕೀಲ ದಂಪತಿಯ ಕಥೆ.
- ಕೊನೆಯದು ಸ್ಟ್ಯಾನ್ಲಿ ಕ್ರೇಮರ್ ನಿರ್ದೇಶನದ ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ (1967). ಬಿಳಿಯ ಯುವತಿ ಕಪ್ಪು ವರ್ಣೀಯ ವೈದ್ಯನನ್ನು ಮದುವೆಯಾಗಲು ಬಯಸುವ ಕಥೆ. ವೈದ್ಯನ ಪಾತ್ರದಲ್ಲಿ ಸಿಡ್ನಿ ಪಾಯ್ಟಿಯರ್. ಅಂತರ್ವರ್ಣೀಯ ವಿವಾಹ ನಿಷೇಧ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ‘ಲವಿಂಗ್ ವಿರುದ್ಧ ವರ್ಜೀನಿಯಾ’ ಪ್ರಕರಣದಲ್ಲಿ ರದ್ದುಪಡಿಸಿದ್ದೂ 1967ರ ಜೂನ್‌ನಲ್ಲೇ.
- ಚಿತ್ರೀಕರಣದ ವೇಳೆ ಟ್ರೇಸಿ ತೀವ್ರ ಅಸ್ವಸ್ಥರಾಗಿದ್ದರು, ವಿಮೆ ಸಿಗಲಿಲ್ಲ. ಹೆಪ್‌ಬರ್ನ್ ಮತ್ತು ಕ್ರೇಮರ್ ತಮ್ಮ ಸಂಭಾವನೆಯನ್ನೇ ಭದ್ರತೆಯಾಗಿಟ್ಟು ಕೆಲಸ ಮುಂದುವರಿಸಿದರು. ತಮ್ಮ ಭಾಗ ಮುಗಿಸಿದ ಕೆಲವೇ ವಾರಗಳಲ್ಲಿ, 10 ಜೂನ್ 1967ರಂದು, ಟ್ರೇಸಿ ತೀರಿಕೊಂಡರು. ಈ ಚಿತ್ರಕ್ಕೆ ಆಸ್ಕರ್ ಬಂದರೂ ಹೆಪ್‌ಬರ್ನ್ ಚಿತ್ರವನ್ನು ಎಂದೂ ನೋಡಲಿಲ್ಲ.

1950ರ ದಶಕ ಮತ್ತು ಅನಂತರ

- ‘ದ ಆಫ್ರಿಕನ್ ಕ್ವೀನ್’ (1951): ನಿರ್ದೇಶನ ಜಾನ್ ಹ್ಯೂಸ್ಟನ್, ಸಹನಟ ಹಂಫ್ರಿ ಬೊಗಾರ್ಟ್. ಬಹುಪಾಲು ಹೊರಾಂಗಣ ಚಿತ್ರೀಕರಣ ಅಂದಿನ ಬೆಲ್ಜಿಯನ್ ಕಾಂಗೊ ಮತ್ತು ಉಗಾಂಡದಲ್ಲಿ. ಅಲ್ಲಿನ ನೀರು ಕುಡಿದು ಹೆಪ್‌ಬರ್ನ್ ಆಮಶಂಕೆಯಿಂದ ನರಳಿದರೂ ಕೆಲಸ ಬಿಡಲಿಲ್ಲ. ಬೊಗಾರ್ಟ್ ಅವರಿಗೆ ಏಕೈಕ ಆಸ್ಕರ್ ಕೊಟ್ಟ ಚಿತ್ರವಿದು. ಈ ಅನುಭವ ಕುರಿತು ಹೆಪ್‌ಬರ್ನ್ 1987ರಲ್ಲಿ ಪುಸ್ತಕ ಬರೆದರು.
- ‘ಸಮ್ಮರ್‌ಟೈಮ್’ (1955): ವೆನಿಸ್‌ನಲ್ಲಿ ಚಿತ್ರೀಕರಣ. ಕಾಲುವೆಗೆ ಬೀಳುವ ದೃಶ್ಯವನ್ನು ಸ್ವತಃ ಮಾಡಿ, ಕೊಳೆನೀರಿನಿಂದ ಅಂಟಿದ ಕಣ್ಣಿನ ಸೋಂಕನ್ನು ಜೀವನವಿಡೀ ಅನುಭವಿಸಿದರು. ನಿರ್ದೇಶಕ ಡೇವಿಡ್ ಲೀನ್. ಇದೇ ಲೀನ್ ಮುಂದೆ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರಕ್ಕಾಗಿ ಬೆಂಗಳೂರು ಮತ್ತು ಸಾವನದುರ್ಗಕ್ಕೆ ಬಂದದ್ದು ಕನ್ನಡಿಗರಿಗೆ ನೆನಪಿರಲಿ.
- ‘ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್’ (1962): ಯೂಜಿನ್ ಒ’ನೀಲ್ ನಾಟಕ, ಸಿಡ್ನಿ ಲುಮೆಟ್ ನಿರ್ದೇಶನ. ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ.
- ‘ಆನ್ ಗೋಲ್ಡನ್ ಪಾಂಡ್’ (1981): ಹೆನ್ರಿ ಫೋಂಡಾ ಮತ್ತು ಮಗಳು ಜೇನ್ ಫೋಂಡಾ ಜೊತೆ. ಚಿತ್ರೀಕರಣದ ಮೊದಲಲ್ಲಿ ಹೆಪ್‌ಬರ್ನ್ ತಮ್ಮ ಬಳಿಯಿದ್ದ ಟ್ರೇಸಿಯ ಟೋಪಿಯನ್ನು ಹೆನ್ರಿ ಫೋಂಡಾಗೆ ಕೊಟ್ಟರು. ಫೋಂಡಾ ಅದನ್ನು ತೆರೆಯ ಮೇಲೂ ಧರಿಸಿದರು. ಇಬ್ಬರಿಗೂ ಆಸ್ಕರ್ ಬಂತು.

ನಾಲ್ಕು ಆಸ್ಕರ್‌ಗಳು (ಚಿತ್ರ – ಬಿಡುಗಡೆ – ಸಮಾರಂಭ)

1. ‘ಮಾರ್ನಿಂಗ್ ಗ್ಲೋರಿ’ – 1933 – 1934
2. ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ – 1967 – 1968
3. ‘ದ ಲಯನ್ ಇನ್ ವಿಂಟರ್’ – 1968 – 1969
4. ‘ಆನ್ ಗೋಲ್ಡನ್ ಪಾಂಡ್’ – 1981 – 1982

- ಮೂರನೆಯದರಲ್ಲಿ ಅವರದು ಇಂಗ್ಲೆಂಡಿನ ರಾಣಿ, ಅಕ್ವಿಟೇನ್‌ನ ಎಲಿನೋರ್ ಪಾತ್ರ. ಆ ವರ್ಷ ಮತಗಳು ಸಮವಾಗಿ, ‘ಫನ್ನಿ ಗರ್ಲ್’ ಚಿತ್ರದ ಬಾರ್ಬ್ರಾ ಸ್ಟ್ರೈಸೆಂಡ್ ಜೊತೆ ಪ್ರಶಸ್ತಿ ಹಂಚಿಕೆಯಾಯಿತು.
- ನಾಲ್ಕರಲ್ಲಿ ಒಂದನ್ನೂ ಅವರು ವೇದಿಕೆಗೆ ಬಂದು ಸ್ವೀಕರಿಸಲಿಲ್ಲ. ಆಸ್ಕರ್ ಸಮಾರಂಭಕ್ಕೆ ಬಂದದ್ದು 1974ರಲ್ಲಿ ಮಾತ್ರ. ಅದೂ ನಿರ್ಮಾಪಕ ಲಾರೆನ್ಸ್ ವೈನ್‌ಗಾರ್ಟನ್ ಅವರಿಗೆ ಗೌರವ ಪ್ರದಾನ ಮಾಡಲು.

ಇತರ ಗೌರವಗಳು

- 1975: ಲಾರೆನ್ಸ್ ಒಲಿವಿಯೆ ಜೊತೆಗಿನ ಟಿವಿ ಚಿತ್ರ ‘ಲವ್ ಅಮಂಗ್ ದ ರೂಯಿನ್ಸ್’ಗೆ ಎಮ್ಮಿ.
- 1990: ಕೆನಡಿ ಸೆಂಟರ್ ಗೌರವ.
- 1999: ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪಟ್ಟಿಯಲ್ಲಿ ಹಾಲಿವುಡ್‌ನ ಸುವರ್ಣಯುಗದ ನಟಿಯರ ಪೈಕಿ ಮೊದಲ ಸ್ಥಾನ. ನಟರ ಪೈಕಿ ಮೊದಲಿಗರು ಬೊಗಾರ್ಟ್.
- 2010: ಅಮೆರಿಕದ ಅಂಚೆ ಇಲಾಖೆಯಿಂದ ಸ್ಮಾರಕ ಅಂಚೆಚೀಟಿ.

ನಿಲುವು ಮತ್ತು ಬದುಕಿನ ರೀತಿ

- ನಟಿಯರು ಪ್ಯಾಂಟ್ ತೊಡುವುದನ್ನು ಜನ ಹುಬ್ಬೇರಿಸಿ ನೋಡುತ್ತಿದ್ದ 1930ರ ದಶಕದಲ್ಲೇ ಅದು ಅವರ ದಿನನಿತ್ಯದ ಉಡುಪು.
- 1947ರಲ್ಲಿ ಹಾಲಿವುಡ್ ಮೇಲೆ ಕಮ್ಯುನಿಸ್ಟ್ ಶಂಕೆಯ ತೂಗುಗತ್ತಿ ಇದ್ದಾಗ, ಲಾಸ್ ಏಂಜಲೀಸ್‌ನ ಸಾರ್ವಜನಿಕ ಸಭೆಯಲ್ಲಿ ಸೆನ್ಸಾರ್‌ಶಿಪ್ ವಿರುದ್ಧ ಮಾತನಾಡಿದರು.
- ತಾಯಿಯಂತೆಯೇ ಸಂತಾನ ನಿಯಂತ್ರಣದ ಹಕ್ಕನ್ನು ಬೆಂಬಲಿಸಿದರು.

ಗೊಂದಲ ಬೇಡ

- ಕ್ಯಾಥರೀನ್ ಮತ್ತು ಆಡ್ರಿ ಹೆಪ್‌ಬರ್ನ್ ಅಕ್ಕತಂಗಿಯರಲ್ಲ, ನಂಟರೂ ಅಲ್ಲ. ಆಡ್ರಿ 1929ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದವರು. ‘ರೋಮನ್ ಹಾಲಿಡೇ’ (1953) ಚಿತ್ರಕ್ಕೆ ಆಸ್ಕರ್ ಪಡೆದವರು.
- ಅಭಿನಯಕ್ಕಾಗಿ ಹೆಚ್ಚು ಆಸ್ಕರ್ ನಾಮನಿರ್ದೇಶನ ಪಡೆದವರು ಮೆರಿಲ್ ಸ್ಟ್ರೀಪ್ (21). ಹೆಚ್ಚು ಪ್ರಶಸ್ತಿ ಪಡೆದವರು ಕ್ಯಾಥರೀನ್ ಹೆಪ್‌ಬರ್ನ್ (4). ಪ್ರಶ್ನೆಯಲ್ಲಿ ‘ನಾಮನಿರ್ದೇಶನ’ ಇದೆಯೋ ‘ಪ್ರಶಸ್ತಿ’ ಇದೆಯೋ ನೋಡಿ ಉತ್ತರಿಸಿ.
- ಚಿತ್ರ ಬಿಡುಗಡೆಯಾದ ವರ್ಷವೇ ಬೇರೆ, ಪ್ರಶಸ್ತಿ ಕೊಟ್ಟ ವರ್ಷವೇ ಬೇರೆ.

ಒಂದು ಸಾಲಿನ ಪ್ರಶ್ನೋತ್ತರ

- ಹೆಪ್‌ಬರ್ನ್ ಪಾತ್ರ ಮಾಡಿ ಆಸ್ಕರ್ ಗೆದ್ದವರು ಯಾರು? – ಕೇಟ್ ಬ್ಲಾಂಚೆಟ್, ‘ದ ಏವಿಯೇಟರ್’ (2004).
- ಹೆಪ್‌ಬರ್ನ್–ಟ್ರೇಸಿ ಜೋಡಿಯ ಒಟ್ಟು ಚಿತ್ರಗಳು? – ಒಂಬತ್ತು.
- ಕೊನೆಯ ಆಸ್ಕರ್ ಪಡೆದಾಗ ವಯಸ್ಸು? – 74.
- ಮೊದಲ ಮತ್ತು ಕೊನೆಯ ಆಸ್ಕರ್ ನಡುವಿನ ಅಂತರ? – 48 ವರ್ಷ.
- ‘ಗಲ್ಲಾಪೆಟ್ಟಿಗೆಯ ವಿಷ’ ಪಟ್ಟಿ ಬಂದ ವರ್ಷ? – 1938.

ನಾಲ್ಕು ಎಂಬ ಸಂಖ್ಯೆ ಒಂದು ಅಂಕ ತಂದುಕೊಡಬಹುದು. 1938ರಿಂದ 1940ರವರೆಗಿನ ಎರಡು ವರ್ಷಗಳನ್ನು ಅರ್ಥ ಮಾಡಿಕೊಂಡವರು ಪ್ರಬಂಧದಲ್ಲೂ ಸಂದರ್ಶನದಲ್ಲೂ ಹೆಪ್‌ಬರ್ನ್ ಬಗ್ಗೆ ಧೈರ್ಯವಾಗಿ ಮಾತನಾಡಬಲ್ಲರು. ಇಸವಿಗಳನ್ನು ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ‘ದ ಫಿಲಡೆಲ್ಫಿಯಾ ಸ್ಟೋರಿ’ಯನ್ನು ಒಮ್ಮೆ ನೋಡಿ.