ಬೆಳೆದದ್ದೆಲ್ಲ ನ್ಯುಮೋನಿಯಾ ಅಲ್ಲ

ಚಿ. ಸುಹಾಸನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನೀನು ಫೋನಿನಲ್ಲಿ ಹೇಳಿದ ರೋಗಿಯ ವಿಷಯವೇ ತಲೆಯಲ್ಲಿ ಸುತ್ತುತ್ತಿದೆ. ವೆಂಟಿಲೇಟರ್ ಹಾಕಿ ಆರನೇ ದಿನ. ಜ್ವರವಿಲ್ಲ, ಆಕ್ಸಿಜನ್ ನಿನ್ನೆಯಷ್ಟೇ ಸಾಕಾಗುತ್ತಿದೆ. ಯಾರೋ ರೂಢಿಗೆ ಕಳಿಸಿದ ಕಫದ ಕಲ್ಚರ್‌ನಲ್ಲಿ ಅಸಿನೆಟೋಬ್ಯಾಕ್ಟರ್ ಬೆಳೆದಿದೆ. ಕೊಲಿಸ್ಟಿನ್ ಶುರು ಮಾಡಲೇ ಎಂದು ಕೇಳಿದೆ. ಕಡೆಯ ಮಾತು ನಿಮ್ಮ ಸೀನಿಯರದ್ದು. ನನ್ನನ್ನು ಕೇಳಿದರೆ ಬೇಡ. ಕಿಡ್ನಿಗೆ ಪೆಟ್ಟು ಕೊಡುವ ಔಷಧಿ ಅದು.

ಗಂಟಲಿಗೆ ಟ್ಯೂಬ್ ಇಳಿದ ಕೆಲವೇ ದಿನಗಳಲ್ಲಿ ಅದರ ಒಳಮೈಗೆ ರೋಗಾಣುಗಳು ಅಂಟಿಕೊಂಡು ಬೀಡುಬಿಡುತ್ತವೆ. ಅಲ್ಲಿಂದ ಕಫ ಎಳೆದು ಕಳಿಸಿದರೆ ಸಾಮಾನ್ಯವಾಗಿ ಏನಾದರೊಂದು ಬೆಳೆಯುತ್ತದೆ. ಲ್ಯಾಬಿನವರು ಬೆಳೆದದ್ದನ್ನು ಬರೆಯುತ್ತೇವೆ, ಅಷ್ಟೆ. ಅದು ಶ್ವಾಸಕೋಶಕ್ಕೆ ಇಳಿದಿದೆಯೋ, ಸುಮ್ಮನೆ ಕೂತಿದೆಯೋ ಎಂಬುದನ್ನು ಮಂಚದ ಪಕ್ಕದಲ್ಲಿ ನಿಂತವರೇ ಹೇಳಬೇಕು. (ಕಫದಲ್ಲಿ ಕ್ಯಾಂಡಿಡಾ ಬಂತೆಂದು ಓಡಿ ಬರುವವರನ್ನು ಕಂಡರೆ ನನಗೆ ಈಗಲೂ ನಗು. ಅದರಿಂದ ನ್ಯುಮೋನಿಯಾ ಆಗುವುದು ತೀರ ಅಪರೂಪ.)

ಮಂಚದ ಪಕ್ಕದ ಲೆಕ್ಕವೂ ಪಕ್ಕಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟ್ಯೂಬ್ ಹಾಕಿ 48 ಗಂಟೆ ದಾಟಿರಬೇಕು, ಎಕ್ಸ್‌ರೇಯಲ್ಲಿ ಹೊಸ ನೆರಳಿರಬೇಕು. ಜೊತೆಗೆ ಜ್ವರ, ಬಿಳಿ ರಕ್ತಕಣಗಳ ಏರುಪೇರು, ಕೀವಿನಂಥ ಕಫ, ಈ ಮೂರರಲ್ಲಿ ಎರಡು. 1999ರಲ್ಲಿ ಬಾರ್ಸಿಲೋನಾದ ವೈದ್ಯರು ತೀರಿಕೊಂಡ ರೋಗಿಗಳ ಶ್ವಾಸಕೋಶದ ತುಣುಕುಗಳೊಂದಿಗೆ ಈ ಅಳತೆಯನ್ನು ತಾಳೆ ನೋಡಿದರು. ನಿಜವಾಗಿ ನ್ಯುಮೋನಿಯಾ ಇದ್ದವರಲ್ಲಿ ಶೇ. 69 ಮಂದಿಯನ್ನಷ್ಟೇ ಅದು ಹಿಡಿಯಿತು, ಇಲ್ಲದವರಲ್ಲಿ ಶೇ. 25 ಮಂದಿಗೆ ಇದೆ ಎಂದಿತು. ಮಲಗಿಸಿಯೇ ತೆಗೆದ ಪೋರ್ಟಬಲ್ ಎಕ್ಸ್‌ರೇ ಬೇರೆ. ನೀರು ತುಂಬಿದರೂ ನೆರಳು, ಶ್ವಾಸಕೋಶದ ಒಂದು ಭಾಗ ಮುದುಡಿದರೂ ನೆರಳು. ಸಕ್ಷನ್‌ನಲ್ಲಿ ಗಟ್ಟಿ ಕಫ ಬಂದು ಮರುದಿನವೇ ನೆರಳು ಮಾಯವಾದರೆ ಅದು ನ್ಯುಮೋನಿಯಾ ಆಗಿರಲಿಕ್ಕಿಲ್ಲ. ಹಳೆಯ ಫಿಲ್ಮ್ ಪಕ್ಕದಲ್ಲಿಟ್ಟುಕೊಳ್ಳದೆ ಹೊಸದನ್ನು ಓದಬೇಡ.

ಅನುಮಾನ ಗಟ್ಟಿಯಾದಾಗ, ಆಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ ಸ್ಯಾಂಪಲ್ ತೆಗೆ. ಬ್ರಾಂಕೋಸ್ಕೋಪಿಯೇ ಆಗಬೇಕೆಂಬ ಹಟ ಬೇಡ. 2006ರಲ್ಲಿ ಪ್ರಕಟವಾದ ಕೆನಡಾದ ತಂಡದ ಅಧ್ಯಯನದಲ್ಲಿ 740 ರೋಗಿಗಳಿದ್ದರು. ಟ್ಯೂಬಿನಿಂದ ಎಳೆದ ಕಫವಾದರೂ, ಶ್ವಾಸಕೋಶ ತೊಳೆದು ತೆಗೆದ ದ್ರವವಾದರೂ 28 ದಿನಗಳ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಲ್ಚರ್‌ಗೆ ಕಾಯುವಾಗ ಗ್ರಾಂ ಸ್ಟೇನ್ ಏನಾಯಿತೆಂದು ಫೋನ್ ಮಾಡಿ ಕೇಳು. ಲೋ ಪವರ್‌ನಲ್ಲಿ ನೋಡಿದಾಗ ಕೀವುಕಣಗಳು 25ಕ್ಕಿಂತ ಹೆಚ್ಚು, ಬಾಯಿಯ ಚಪ್ಪಟೆ ಕೋಶಗಳು 10ಕ್ಕಿಂತ ಕಡಿಮೆ ಇದ್ದರೆ ನಂಬಬಹುದಾದ ಸ್ಯಾಂಪಲ್. ಚಪ್ಪಟೆ ಕೋಶಗಳೇ ತುಂಬಿದ್ದರೆ ನೀನು ಕಳಿಸಿದ್ದು ಎಂಜಲು.

ಬಿಪಿ ಕುಸಿಯುತ್ತಿದ್ದರೆ ಈ ಯಾವ ಪಾಂಡಿತ್ಯವೂ ಬೇಡ. ಸ್ಯಾಂಪಲ್ ತೆಗೆದು ಔಷಧಿ ಕೊಡು. ಎರಡು ಮೂರು ದಿನಕ್ಕೆ ವರದಿ ನೋಡಿ ಕಡಿಮೆ ಮಾಡು, ಬೇಡವೆನಿಸಿದರೆ ನಿಲ್ಲಿಸು. ನ್ಯುಮೋನಿಯಾ ನಿಜವಿದ್ದರೂ ಸಾಮಾನ್ಯವಾಗಿ ಏಳು ದಿನ ಸಾಕು.

ಇನ್ನೊಂದು, ಇದು ಲ್ಯಾಬಿನವರೆಲ್ಲರ ಪರವಾಗಿ. ಕಲ್ಚರ್ ಫಾರಂನಲ್ಲಿ ಹೆಸರು, ಬೆಡ್ ನಂಬರ್ ಮಾತ್ರ ಗೀಚಿ ಕಳಿಸಬೇಡ ಮಾರಾಯ. ಟ್ಯೂಬ್ ಹಾಕಿ ಎಷ್ಟು ದಿನವಾಯಿತು, ಯಾವ ಆಂಟಿಬಯೋಟಿಕ್ ನಡೆಯುತ್ತಿದೆ, ಏನು ಅನುಮಾನ, ಮೂರನ್ನೂ ಬರೆ.

ಇಂತಿ,
ನಿನ್ನ ಅತ್ತೆ