ಬಾಯಿಗೆ ಬಾರದ ಇ, ಎನ್, ಟಿ

ಮಗು ಫ್ರೆಂಚ್ ಪುಸ್ತಕ ಹಿಡಿದು ‘ಇಲ್ಸ್ ಪಾರ್ಲೆಂಟ್’ ಎಂದು ಗಟ್ಟಿಯಾಗಿ ಓದಿದರೆ ಗದರಬೇಡಿ. ಬರೆದಂತೆ ಓದುವುದು ಕನ್ನಡ ಕಲಿಸಿದ ಅಭ್ಯಾಸ, ದಡ್ಡತನವಲ್ಲ. ‘ಅವರು ಮಾತಾಡುತ್ತಾರೆ’ ಎನ್ನುವ ಆ ಮಾತಿನ ಉಚ್ಚಾರ ‘ಇಲ್ ಪಾರ್ಲ್’ ಅಷ್ಟೇ. ಕೊನೆಯ ಇ, ಎನ್, ಟಿ ಕಾಗದದ ಮೇಲೆ ಮಾತ್ರ ಇರುತ್ತವೆ.

ನಾನು, ನೀನು, ಅವನು, ಅವರು – ಯಾರೇ ಮಾತಾಡಲಿ, ವರ್ತಮಾನದಲ್ಲಿ ಕಿವಿಗೆ ಬೀಳುವುದು ಅದೇ ‘ಪಾರ್ಲ್’. ಅದು ಒಂದೇ ತುಂಡು. ನಾವು, ನೀವು ಬಂದಾಗಲೇ ಎರಡಾಗುವುದು: ‘ಪಾರ್-ಲೋಂ’, ‘ಪಾರ್-ಲೆ’. ನಮ್ಮಲ್ಲಿ ‘ಮಾಡುತ್ತೇನೆ’ ಅಂದರೆ ‘ನಾನು’ ಬೇಕಿಲ್ಲ. ಪ್ರತ್ಯಯದ ಸದ್ದು ಹೀಗೆ ಅಡಗಿಹೋಗಿರುವ ಫ್ರೆಂಚಿನಲ್ಲಿ ಸರ್ವನಾಮ ಬಿಡುವಂತಿಲ್ಲ.

ಒತ್ತಿನ ಲೆಕ್ಕವೂ ಬೇರೆ. ಇಂಗ್ಲಿಷಿನಂತೆ ಪದಪದಕ್ಕೂ ಒತ್ತಿಲ್ಲ. ಒಂದೇ ಉಸಿರಿನಲ್ಲಿ ಆಡುವ ಗುಚ್ಛದ ಕೊನೆಗೆ ಅದು ಬರುತ್ತದೆ. ‘ಇಲ್ ಪಾರ್ಲ್’ ಎಂದಾಗ ‘ಪಾರ್ಲ್’ ಮೇಲಿದ್ದ ಒತ್ತು, ‘ಇಲ್ ಪಾರ್ಲ್ ಫ್ರಾಂಸೆ’ ಎಂದೊಡನೆ ‘ಸೆ’ಗೆ ಸರಿಯುತ್ತದೆ. ಕೂಗಬೇಕಿಲ್ಲ, ತುಸು ಎಳೆದರೆ ಸಾಕು.

ಮಕ್ಕಳು ಅಳುವುದು ‘ಬರು’ ಎಂಬರ್ಥದ ‘ವನೀರ್’ನಂಥ ಕ್ರಿಯಾಪದಗಳ ಮುಂದೆ. ಅವನಿಗೆ ‘ವ್ಯಾಂ’, ಅವರಿಗೆ ‘ವ್ಯೆನ್’, ನಾವು ಬಂದರೆ ‘ವನೋಂ’. ಇದು ಹುಚ್ಚಾಟವಲ್ಲ, ಇದಕ್ಕೆ ಸೊಗಸಾದ ಕಾರಣವಿದೆ. ಹಿಂದೆ ಲ್ಯಾಟಿನ್ನಿನಲ್ಲಿ ಅವನು, ಅವರು ಎಂಬಲ್ಲಿ ಒತ್ತು ಧಾತುವಿನ ಮೇಲೆ ಬೀಳುತ್ತಿತ್ತು, ನಾವು, ನೀವು ಎಂಬಲ್ಲಿ ಪ್ರತ್ಯಯದ ಮೇಲೆ. ಒತ್ತು ಬಿದ್ದ ಸ್ವರ ಕಾಲಕ್ರಮದಲ್ಲಿ ಒಡೆದು ಎರಡಾಯಿತು, ಬೀಳದ್ದು ಸೊರಗಿತು. ಏಕವಚನದ ಮೂರು ರೂಪ ಎಡಕ್ಕೆ, ಬಹುವಚನದ್ದು ಬಲಕ್ಕೆ ಬರೆಸಿ, ಒಡೆದ ಸ್ವರವಿರುವ ನಾಲ್ಕರ ಸುತ್ತ ಗೆರೆ ಎಳೆಯಲು ಹೇಳಿ. ಬೂಟಿನ ಆಕಾರ ಮೂಡುತ್ತದೆ. ಬಾಯಿಪಾಠಕ್ಕಿಂತ ಆ ಬೂಟು ಹೆಚ್ಚು ದಿನ ನೆನಪಿರುತ್ತದೆ ಎಂಬುದು ನನ್ನ ಅನುಭವ.

ಇನ್ನೊಂದು, ಪದಗಳ ಗಡಿ ಅಳಿಸುವ ಗುಣ. ‘ಅವನು ಎಲ್ಲಿ’ ನಮ್ಮ ಬಾಯಲ್ಲಿ ‘ಅವನೆಲ್ಲಿ’ ಆದಂತೆ, ‘ಅವನು ಪ್ರೀತಿಸುತ್ತಾನೆ’ ಎನ್ನುವ ‘ಇಲ್ ಎಮ್’ ಅಲ್ಲಿ ‘ಇ-ಲೆಮ್’ ಆಗುತ್ತದೆ. ‘ಅವರು’ ಆದರೆ ‘ಇಲ್-ಜ಼ೆಮ್’. ಒಬ್ಬನೋ ಹಲವರೋ ಎಂದು ಹೇಳುವುದು ಆ ಒಂದು ‘ಜ಼’ ಮಾತ್ರ.

ನಿಮಗೆ ಫ್ರೆಂಚ್ ಬರಬೇಕಿಲ್ಲ. ಪುಸ್ತಕ ಮುಚ್ಚಿಸಿ, ಕನ್ನಡದಲ್ಲಿ ‘ನಾವು ಬರುತ್ತೇವೆ’ ಅನ್ನಿ. ಮಗು ಫ್ರೆಂಚಿನಲ್ಲಿ ಹೇಳುತ್ತಾ ತುಂಡಿಗೊಂದು ಚಪ್ಪಾಳೆ ತಟ್ಟಲಿ. ಬರೆಯುವ ಕೆಲಸ ಅದಾದ ಮೇಲೆ. ಆಗ ಮಾತ್ರ ಆ ಇ, ಎನ್, ಟಿ ಬಿಡದಂತೆ ನೋಡಿಕೊಳ್ಳಿ.