ಸಣ್ಣ ಪ್ರತ್ಯಯದ ದೊಡ್ಡ ಕಾರ್ಯ



ಜಪಾನೀ ಭಾಷೆಯು ಅತಿ ಕಠಿಣವೆಂದು ಅಂಜುವ ಹುಡುಗಿಯರಿಗೆ ನಾವು ಹೇಳುವುದೇನೆಂದರೆ, ಅದರ ವಾಕ್ಯದ ಕಟ್ಟು ನಿಮ್ಮ ಮನೆಮಾತಿನಲ್ಲಿಯೇ ಇರುತ್ತದೆ. ‘ಸಿಂದಗಿಯಿಂದ ಇಂಡಿಗೆ ಹೋಗುತ್ತೇನೆ’ ಎಂಬುದನ್ನು ಜಪಾನೀಯರು ‘ಸಿಂದಗಿ ಕರಾ ಇಂಡಿ ಎ ಇಕಿಮಸ್’ ಎನ್ನುವರು. ‘ಕರಾ’ ಎಂಬುದು ನಮ್ಮ ‘ಇಂದ’. ‘ಎ’ ಎಂಬುದು ನಮ್ಮ ‘ಗೆ’. ಇಂಗ್ಲಿಷಿನಲ್ಲಿ ಇಂಥ ಶಬ್ದಗಳು ನಾಮಪದಕ್ಕಿಂತ ಮೊದಲು ಬರುವವು. ಈ ಎರಡು ಭಾಷೆಗಳಲ್ಲಿ ತರುವಾಯ ಬರುವವು. ಕ್ರಿಯಾಪದವು ಎರಡರಲ್ಲಿಯೂ ಕಡೆಗೆ ನಿಲ್ಲುವುದು. ‘ಹಾನಾಕೊ ಗ ಹೊನ್ ಒ ಯೊಮು’, ಅಂದರೆ ಹಾನಾಕೊ ಪುಸ್ತಕವನ್ನು ಓದುತ್ತಾಳೆ. ಇಲ್ಲಿ ‘ಗ’ ಎಂಬುದು ಕರ್ತೃವನ್ನೂ ‘ಒ’ ಎಂಬುದು ಕರ್ಮವನ್ನೂ ತೋರಿಸುವವು.

ಭೇದವೂ ಉಂಟು. ನಾವು ‘ಇಂಡಿಗೆ’, ‘ಮುದ್ದೇಬಿಹಾಳಕ್ಕೆ’ ಎಂದು ಪ್ರತ್ಯಯವನ್ನು ಮಾರ್ಪಡಿಸುತ್ತೇವೆ. ‘ಎ’ ಎಲ್ಲಿಯೂ ಬದಲಾಗದು. ‘ಹೋಗುತ್ತೇನೆ’, ‘ಹೋಗುತ್ತಾಳೆ’ ಎಂಬೆರಡಕ್ಕೂ ‘ಇಕಿಮಸ್’ ಒಂದೇ.

‘ಇಂಡಿಗೆ ಸಿಂದಗಿಯಿಂದ’ ಎಂದು ಪದಗಳ ಸ್ಥಾನವನ್ನು ಬದಲಿಸಿದರೂ ಅರ್ಥವು ಕೆಡದು. ಪ್ರತ್ಯಯವನ್ನು ಬದಲಿಸಿದರೆ ಕೆಡುವುದು. ‘ಬಾಗೇವಾಡಿಯಿಂದ ಬರುವೆನು’ ಎಂದು ಬರೆಯಬೇಕಾದ ಮಗಳು ‘ಬಾಗೇವಾಡಿಗೆ ಬರುವೆನು’ ಎಂದು ಬರೆದರೆ, ತಂದೆಯವರು ಬೇರೆ ಊರಿನಲ್ಲಿ ಕಾದು ನಿಲ್ಲುವರು. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ವಿಭಕ್ತಿಗಳನ್ನು ವಿವರಿಸಿರುವನು. ಆದುದರಿಂದ ಮನೆಮಾತಿನ ವ್ಯಾಕರಣವನ್ನು ಅಲ್ಪವೆಂದು ಎಣಿಸಬೇಡಿರಿ. ಅದನ್ನು ಬಲ್ಲವಳಿಗೆ ದೂರದೇಶದ ಭಾಷೆಯೂ ಪೂರ್ಣವಾಗಿ ಪರಕೀಯವಲ್ಲ.